ಸಾಲಿನ ನಟ್ಟನಡುವೆ ಹಲ್ಲಪ್ಪ

ಬೆಳಗಿನ ಹೊತ್ತು ಮಗಳ ಜಡೆ ಹೆಣೆಯುವ ಕೆಲಸ ಹಲ್ಲಪ್ಪನದು. ಅಡುಗೆಮನೆಯಲ್ಲಿ ಹೆಂಡತಿ ಇರುವ ಎರಡು ಕೈ ಸಾಲದೆ ಒದ್ದಾಡುವ ಸಮಯ ಅದು. ಮಗಳು ಪುಟ್ಟಿಯ ತಲೆಯಾದರೋ ಒಂದು ಗಳಿಗೆ ನೆಟ್ಟಗೆ ನಿಲ್ಲುವ ತಲೆಯಲ್ಲ. "ಲ್ಯಾಬಲ್ಲಿ ದಿನವೆಲ್ಲಾ ಅಷ್ಟಷ್ಟು ಚಿಕ್ಕ ಹಲ್ಲು ಜೋಡಿಸ್ತೀರ, ನಿಮಗೆ ಜಡೆ ಯಾವ ಮಹಾ?" ಎಂದು ಹೆಂಡತಿ ಯಾವಾಗಲೋ ಒಮ್ಮೆ ಹೊಗಳಿದ್ದಳು. ಆ ಹೊಗಳಿಕೆ ತಲೆಗೇರಿ, ಅಂದು ಹಿಡಿದ ಬಾಚಣಿಗೆಯನ್ನು ಅವನು ಇಂದಿಗೂ ಕೆಳಗಿಟ್ಟಿಲ್ಲ.

ಬಾಯಲ್ಲಿ ಹಲ್ಲಿಲ್ಲದವರಿಗೆ ಹಲ್ಲುಸೆಟ್ಟು ಮಾಡುವ ಕಸುಬಾದ್ದರಿಂದ ಬೀದಿಗೆಲ್ಲ ಅವನು ಹಲ್ಲಪ್ಪ. ಅವನ ನಿಜವಾದ ಹೆಸರು ಹೆಂಡತಿಗೊಬ್ಬಳಿಗೆ ಗೊತ್ತು. ಅವಳು ಕರೆಯುವುದು 'ರೀ' ಎಂದು.

ಆ ದಿನ ಬಲಗಡೆಯ ಜಡೆ ಮುಗಿದು, ಎಡಗಡೆಯ ಕೂದಲನ್ನು ಇನ್ನೂ ಮೂರು ಎಳೆ ಮಾಡಿ ಹಿಡಿದಿದ್ದಾಗ ಬಾಗಿಲು ದಬದಬನೆ ಬಡಿದುಕೊಂಡಿತು. ಪಕ್ಕದ ಮನೆಯ ಕಾರು ಮಾವ. ಕೆಲಸದಿಂದ ನಿವೃತ್ತರಾದ ಮೇಲೆ ಅವರು ದಿನಾ ತಮ್ಮ ಕಾರನ್ನು ತೊಳೆಯುತ್ತಾರೆ, ಒರೆಸುತ್ತಾರೆ, ಹೊದಿಕೆ ಹೊದಿಸುತ್ತಾರೆ. ಓಡಿಸುವುದು ಅಪರೂಪ. ಓಡಿಸಿದರೆ ಕೊಳೆಯಾಗುತ್ತದಲ್ಲ.

"ಏನಪ್ಪಾ ಹಲ್ಲಪ್ಪ, ಪೇಪರ್ ನೋಡಿದ್ಯಾ?"

"ಜಡೆ ಮುಗೀಲಿ ಮಾವ, ನೋಡ್ತೀನಿ."

"ಜಡೆ ಎಲ್ಲಿಗೂ ಓಡಿಹೋಗಲ್ಲ. ಇವತ್ತಿಂದ ನಿನ್ನ ಸಂದಿ ಸವಾರಿ ಬಂದ್!" ಎಂದು ಕಾರು ಮಾವ ಪೇಪರು ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದರು: "ಇನ್ನು ಮುಂದೆ ದ್ವಿಚಕ್ರ ವಾಹನಗಳು ಎರಡು ಸಾಲುಗಳ ನಡುವೆ ನುಸುಳಿ ಚಲಿಸುವಂತಿಲ್ಲ. ಕಾರಿನಂತೆಯೇ ತಮ್ಮ ಸಾಲಿನ ಮಧ್ಯಭಾಗದಲ್ಲಿ ನಿಂತು ಸರದಿ ಕಾಯತಕ್ಕದ್ದು. ತಪ್ಪಿದಲ್ಲಿ ಮೂರು ತಿಂಗಳು ಲೈಸೆನ್ಸ್ ರದ್ದು. ಕೇಳಿಸ್ತಾ? ರದ್ದು!"

ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಮೂರು ತಿಂಗಳಾ? ಬೈಕಿಲ್ಲದೆ ಇವರು ಲ್ಯಾಬಿನ ಕೆಲಸ ಮಾಡೋದು ಹೇಗೆ ಮಾವ?"

ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಹಲ್ಲು ಮಾಡಿದವನೇ ಅದನ್ನು ದವಾಖಾನೆಗೆ ಮುಟ್ಟಿಸಬೇಕು ಎಂಬುದು ಲ್ಯಾಬಿನ ಯಜಮಾನನ ಕಟ್ಟಪ್ಪಣೆ. ಅದಕ್ಕೆ ಕಾರಣವೂ ಇತ್ತು. ಗಟ್ಟಿ ಸೆಟ್ಟು ಮಾಡುವ ಮೊದಲು ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ, ಗಿರಾಕಿಯ ಬಾಯಿಗಿಟ್ಟು ನೋಡುತ್ತಾರೆ. ಆ ಮೇಣ ಬಿಸಿಲು ತಾಗಿದರೆ ಮೆತ್ತಗಾಗುತ್ತದೆ. ಮೆತ್ತಗಾದರೆ ಹಲ್ಲುಗಳು ತಮಗೆ ಬೇಕಾದ ಕಡೆ ಮುಖ ಮಾಡುತ್ತವೆ. ಹಾಗಾಗಿ ಹಲ್ಲಪ್ಪ ಇಷ್ಟು ವರ್ಷವೂ, ಕಾರುಗಳು ನಿಂತುಬಿಟ್ಟಾಗ ನಡುವಿನ ಸಂದಿಯಲ್ಲಿ ಎರಡೂ ಕಾಲು ಊರಿಕೊಂಡು, ತೊಟ್ಟಿಲು ತೂಗುವ ಹದದಲ್ಲಿ ಬೈಕು ನಡೆಸಿಕೊಂಡು, ಮೇಣ ಕರಗುವ ಮೊದಲು ದವಾಖಾನೆ ಸೇರಿಬಿಡುತ್ತಿದ್ದ.

"ನಮಗೂ ಒಂದು ಕಾಲ ಬಂತು ಬಿಡು," ಎಂದರು ಕಾರು ಮಾವ. "ನಾವು ಕಾರಿನವರು ಬೆವರು ಸುರಿಸ್ಕೊಂಡು ಕೂತಿರೋದು, ನೀವು ನಮ್ಮ ಕನ್ನಡಿ ಸವರ್ಕೊಂಡು ಜಾರಿಕೊಳ್ಳೋದು! ಇವತ್ತು ನಾನೇ ಕಾರು ತೆಗೀತಿದೀನಿ. ನೀವೆಲ್ಲ ಸಾಲಲ್ಲಿ ನಿಂತಿರೋ ಚಂದ ಕಣ್ಣಾರೆ ನೋಡ್ಬೇಕು."

ಹಲ್ಲಪ್ಪ ಬಾಚಣಿಗೆ ಕೆಳಗಿಟ್ಟ. ಸಂಸಾರದಲ್ಲಿ ಅದು ಐತಿಹಾಸಿಕ ಘಟನೆ.

"ಮಾವ, 'ಕಾರಿನಂತೆಯೇ' ಅಂತ ಬರೆದಿದೆಯಾ?"

"ಬರೆದಿದೆ."

"'ಮಧ್ಯಭಾಗದಲ್ಲಿ' ಅಂತ?"

"ಅಚ್ಚಾಗಿದೆ, ನೋಡ್ಕೋ."

"ಸರಿ ಹಾಗಾದ್ರೆ. ಇವತ್ತಿಂದ ನಾನು ಕಾರು!"

"ರೀ," ಎಂದಳು ಹೆಂಡತಿ, "ನೀವು ಕಾರೂ ಆಗ್ಬೇಡಿ, ಲಾರೀನೂ ಆಗ್ಬೇಡಿ. ಆ ಎಡಗಡೆ ಜಡೆ ಒಂದು ಮುಗಿಸಿ."

ಅಷ್ಟರಲ್ಲಿ ಅವನ ತಲೆಗೆ ಹೆಲ್ಮೆಟ್ಟು ಏರಿಯಾಗಿತ್ತು. ಹೆಲ್ಮೆಟ್ಟಿನೊಳಗೆ ಹೆಂಡತಿಯ ಮಾತು ಕೇಳಿಸುವುದಿಲ್ಲ ಎಂಬುದು ಜಗತ್ತಿನ ಗಂಡಂದಿರೆಲ್ಲ ಸೇರಿ ಮಾಡಿಕೊಂಡ ಒಪ್ಪಂದ. ಶಾಲೆಗೆ ಹೊರಟ ಪುಟ್ಟಿ ಒಂದು ಜಡೆ ಬಿಗಿದುಕೊಂಡು, ಒಂದು ಕೆದರಿಕೊಂಡು, ಹಿಂದಿನ ರಾತ್ರಿ ಅಪ್ಪ ಲ್ಯಾಬಿನಿಂದ ತಂದಿಟ್ಟಿದ್ದ ಮೇಣದ ಹಲ್ಲಿನ ಡಬ್ಬಿಯನ್ನು ಎದೆಗವುಚಿ ಅಪ್ಪನ ಹಿಂದೆ ಕೂತಳು.

ಸೇತುವೆ ಇಳಿದ ಕೂಡಲೇ ಎಂದಿನ ಹಾಗೆ ಕಾರುಗಳು ನಿಂತಿದ್ದವು. ಎರಡು ಸಾಲು, ನಡುವೆ ಖಾಲಿ ಸಂದಿ. ಸಂದಿ ಎಷ್ಟು ಖಾಲಿಯಾಗಿತ್ತೆಂದರೆ, ನೋಡಿದರೆ ಪಾಪ ಅನ್ನಿಸಬೇಕು. ಹಲ್ಲಪ್ಪ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸಾಲಿನ ನಟ್ಟನಡುವೆ ಬೈಕು ನಿಲ್ಲಿಸಿ, ಎರಡೂ ಕಾಲೂರಿ, ಬೆನ್ನು ನೆಟ್ಟಗೆ ಮಾಡಿ ಕೂತ. ಮುಂದೆ ಒಂದು ಕಾರಿನಷ್ಟು ಜಾಗ, ಎಡಕ್ಕೆ ಅರ್ಧ ಕಾರಿನಷ್ಟು, ಬಲಕ್ಕೆ ಅರ್ಧ ಕಾರಿನಷ್ಟು. ಇಷ್ಟು ವಿಶಾಲವಾಗಿ ಅವನು ಸ್ವಂತ ಮನೆಯಲ್ಲೂ ಕೂತಿರಲಿಲ್ಲ.

ಅವನ ಹಿಂದೆಯೇ ಬಂದು ನಿಂತದ್ದು, ವಿಧಿ ಅನ್ನಿ ಬೇರೇನಾದರೂ ಅನ್ನಿ, ಕಾರು ಮಾವನ ಕಾರು.

ಪೀಂ!

"ಹಲ್ಲಪ್ಪ, ಸ್ವಲ್ಪ ಪಕ್ಕಕ್ಕೆ ಹೋಗೋ! ನಂದು ಅರ್ಧ ಕಾರು ಮುಂದೆ ಬರತ್ತೆ."

"ಕಾರಿಗೆ ಪಕ್ಕಕ್ಕೆ ಹೋಗು ಅಂತೀರಾ ಮಾವ? ನಾನೀಗ ಕಾರು."

ಬ್ರೆಡ್ಡಿನ ಬುಟ್ಟಿ ಕಟ್ಟಿಕೊಂಡು ಬಂದ ಒಬ್ಬ ಬೈಕಿನವನು ಸಂದಿಗೆ ಮೂತಿ ಹಾಕಿದವನು, ಹಲ್ಲಪ್ಪನ ಗಾಂಭೀರ್ಯ ಕಂಡು ಹಿಂದಕ್ಕೆ ಎಳೆದುಕೊಂಡ. "ಏನಣ್ಣಾ, ಹೀಗೇ ನಿಲ್ಬೇಕಾ?"

"ಹೀಗೇ. ರಾಜಾರೋಷವಾಗಿ."

ಬ್ರೆಡ್ಡಿನವನು ಪಕ್ಕದ ಸಾಲಿನಲ್ಲಿ ರಾಜಾರೋಷವಾಗಿ ನಿಂತ. ಆಮೇಲೆ ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ಒಬ್ಬಳು ಸ್ಕೂಟರು ನಿಲ್ಲಿಸಿ, ಹ್ಯಾಂಡಲ್ಲಿನ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿಯೇಬಿಟ್ಟಳು. ನಲ್ಲಿ ರಿಪೇರಿಯವನು ಪೈಪುಗಳನ್ನು ಅಡ್ಡಡ್ಡ ಹಿಡಿದು ನಿಂತ. ಅವನಂತೂ ಕಾರಿಗಿಂತ ಅಗಲವಾದ. ಹೀಗೆ ನೋಡನೋಡುತ್ತ ಪ್ರತಿಯೊಂದು ಬೈಕೂ ಕಾರಾಯಿತು. ಕಾರುಗಳ ಸಾಲು ಸೇತುವೆ ಹತ್ತಿ, ಸೇತುವೆ ಇಳಿದು, ಆಚೆ ಎಲ್ಲೋ ಮರೆಯಾಯಿತು. ಸಿಗ್ನಲ್ಲು ಹಸಿರಾದಾಗ ಮುಂದಿನವರು ಒಂದು ಗೇಣು ಜರುಗಿದರು. ಹಲ್ಲಪ್ಪನೂ ಒಂದು ಗೇಣು ಜರುಗಿದ. ಹಿಂದೆ ಕಾರು ಮಾವ ಹಾರನ್ನಿನ ಮೇಲೆ ಮುಷ್ಟಿಯಿಂದ ಗುದ್ದಿ ಗುದ್ದಿ, ಆ ರಭಸಕ್ಕೆ ಅವರ ಕನ್ನಡಕ ಜಾರಿ ಕಾಲಡಿಗೆ ಬಿತ್ತು. ಅವರು ಬಗ್ಗಿ ಕನ್ನಡಕ ಹುಡುಕುತ್ತಿದ್ದಾಗಲೇ ಹಲ್ಲಪ್ಪನ ಮಗ್ಗುಲಲ್ಲಿ ಪೊಲೀಸ್ ಬೈಕೊಂದು ಬಂದು ನಿಂತಿತು.

"ಯಾರ್ರೀ ಅದು, ರಸ್ತೆ ಮಧ್ಯ ತಪಸ್ಸಿಗೆ ಕೂತಿರೋದು?" ಎಂದ ಟ್ರಾಫಿಕ್ಕಿನವನು. ಮೀಸೆ ದಪ್ಪ, ದನಿ ಇನ್ನೂ ದಪ್ಪ.

ಪುಟ್ಟಿ ಹಿಂದಕ್ಕೊಮ್ಮೆ ತಿರುಗಿ ನೋಡಿದಳು. ಮುಂದಕ್ಕೊಮ್ಮೆ ನೋಡಿದಳು. "ಅಪ್ಪಾ, ಒಂದು ಕೇಳ್ಲಾ?"

"ಸುಮ್ನಿರು ಪುಟ್ಟಿ, ದೊಡ್ಡವರು ಮಾತಾಡ್ತಿದೀವಿ. ಸಾರ್, ನಾನು ನಿಯಮ ಪಾಲಿಸ್ತಿದೀನಿ."

"ಪಾಲಿಸಿದ್ದು ಸಾಕು, ಪಕ್ಕಕ್ಕೆ ಸರೀರಿ. ಕಾರುಗಳಿಗೆ ಜಾಗ ಬಿಡಿ."

"ಯಾವ ಪಕ್ಕಕ್ಕೆ ಸಾರ್? ಈ ಪಕ್ಕ ಸಂದಿ, ಅದು ಇವತ್ತಿಂದ ನಿಷೇಧ. ಆ ಪಕ್ಕ ಫುಟ್‌ಪಾತು, ಅದು ಮುಂಚಿಂದ ನಿಷೇಧ. ಮೇಲುಗಡೆ ಆಕಾಶ ಖಾಲಿ ಇದೆ, ರೆಕ್ಕೆ ಕೊಡ್ಸಿ."

ಬ್ರೆಡ್ಡಿನವನು ಕಿಸಕ್ಕೆಂದ. ಟ್ರಾಫಿಕ್ಕಿನವನ ಮೀಸೆ ಅದುರಿತು. "ನಗಬೇಡಿ. ಸಂದಿಯಲ್ಲಿ ನುಗ್ಗಿ ಬಿದ್ದೋರನ್ನ ಬಸ್ಸಿನ ಅಡಿಯಿಂದ ಎತ್ತೋನು ನಾನು. ನಿಮಗೆ ತಮಾಷೆ."

ಹಲ್ಲಪ್ಪ ತಲೆ ತಗ್ಗಿಸಿದ. "ಹಾಗೆ ಹಾರಿಕೊಂಡು ಹೋಗೋರನ್ನ ಹಿಡೀರಿ ಸಾರ್, ನಾನೇ ಬಂದು ಸಾಕ್ಷಿ ಹೇಳ್ತೀನಿ. ಆದ್ರೆ ನಿಂತಿರೋ ಕಾರುಗಳ ನಡುವೆ ಕಾಲೂರಿಕೊಂಡು ಹೋಗೋನೂ ತಪ್ಪಿತಸ್ಥ, ಈಗ ಸಾಲಲ್ಲಿ ನಿಂತ್ಕೊಂಡೋನೂ ತಪ್ಪಿತಸ್ಥ ಅಂದ್ರೆ, ಬೈಕಿನೋನು ಹುಟ್ಟಿದ್ದೇ ತಪ್ಪಾ?"

ಅಷ್ಟರಲ್ಲಿ ಹಿಂದಿನಿಂದ ಒಂದು ಆರ್ತನಾದ ಕೇಳಿತು.

"ಅಯ್ಯೋ, ನನ್ನ ಕನ್ನಡಿ!"

ಕಾರು ಮಾವ ಕನ್ನಡಕ ಏರಿಸಿಕೊಂಡು ಕೆಳಗಿಳಿದಿದ್ದರು. ಅವರ ಕಾರಿನ ಸಂದಿಯ ಕಡೆಯ ಕನ್ನಡಿ ಮುರಿದು, ಒಂದು ವಯರಿನಲ್ಲಿ ನೇತಾಡುತ್ತಿತ್ತು. "ಯಾವನೋ ಸಂದಿಯಲ್ಲಿ ನುಗ್ಗಿ ಒಡೆದು ಹೋಗಿದಾನೆ! ನಾನು ಬಗ್ಗಿದ್ದೆ, ಮುಖ ನೋಡ್ಲಿಲ್ಲ. ಹಲ್ಲಪ್ಪ, ನೀನೇ ಅಲ್ವೇನೋ? ಬೆಳಗ್ಗೆಯಿಂದ ನನ್ನ ಮೇಲೆ ಹಲ್ಲು ಮಸೀತಿದ್ದೆ!"

"ಮಾವ, ನಾನು ನಿಮ್ಮ ಮುಂದೆ ಇದೀನಿ! ನಿಮ್ಮ ಕನ್ನಡಿ ಒಡೀಬೇಕಾದ್ರೆ ನಾನು ಹಿಮ್ಮುಖವಾಗಿ ಬರ್ಬೇಕು!"

"ಅಪ್ಪಾ, ಒಂದೇ ಒಂದು ಕೇಳ್ತೀನಿ—"

"ಪುಟ್ಟಿ!"

ಹಾರನ್ನುಗಳ ಗದ್ದಲ ಮುಗಿಲು ಮುಟ್ಟಿತು. ಗಲಾಟೆ ನಿಲ್ಲಬೇಕಾದರೆ ಯಾರನ್ನಾದರೂ ಹಿಡಿಯಲೇಬೇಕು; ಹಿಡಿಯಲು ಕೈಗೆ ಸಿಕ್ಕಿದ್ದವನು, ಎಲ್ಲಿಗೂ ಸರಿಯುವುದಿಲ್ಲ ಎಂದು ಹಟ ಹಿಡಿದ ಹಲ್ಲಪ್ಪ. ಟ್ರಾಫಿಕ್ಕಿನವನು ಅವನ ಲೈಸೆನ್ಸ್ ಕಿತ್ತುಕೊಂಡು ಜೇಬಿಗಿಳಿಸಿದ. "ದಾರಿಗೆ ಅಡ್ಡಿ, ಜೊತೆಗೆ ಕನ್ನಡಿ. ಮಧ್ಯಾಹ್ನ ಸಾರಿಗೆ ಆಫೀಸಿಗೆ ಬಂದು ದೊಡ್ಡ ಸಾಹೇಬರ ಹತ್ರ ನಿಮ್ಮ ಕಾರಿನ ಕಥೆ ಹೇಳಿ. ನೀವೂ ಬನ್ನಿ ಯಜಮಾನ್ರೇ."

ಸಾಲು ಕರಗಿ ಶಾಲೆ ಮುಟ್ಟುವ ಹೊತ್ತಿಗೆ ಗೇಟು ಹಾಕಿತ್ತು. ಒಂದು ಜಡೆಯ ಹುಡುಗಿಯನ್ನು ನೋಡಿ ಕಾವಲಿನವನಿಗೆ ಕನಿಕರವೇನೋ ಹುಟ್ಟಿತು. ಬೀಗದ ಕೈ ಮಾತ್ರ ಹೆಡ್‌ಮಿಸ್ಸಿನ ಹತ್ತಿರ ಇತ್ತು. ಬೇರೆ ದಾರಿಯಿಲ್ಲದೆ ಹಲ್ಲಪ್ಪ ಮಗಳನ್ನೂ ದವಾಖಾನೆಗೆ ಕರೆದುಕೊಂಡು ಹೋದ.

ಹಲ್ಲಿನ ಡಾಕ್ಟರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. "ಎಲ್ಲಿ ಹೋಗಿದ್ರಿ? ಪೇಷಂಟು ಬಾಯಿ ತೆಕ್ಕೊಂಡು ಕೂತು ಎಷ್ಟು ಹೊತ್ತಾಯ್ತು!"

"ಸಾಲಲ್ಲಿದ್ದೆ ಮೇಡಂ."

"ಆಂಟಿ," ಎಂದಳು ಪುಟ್ಟಿ, "ನಿಮ್ಮನ್ನಾದ್ರೂ ಒಂದು ಕೇಳ್ಲಾ?"

"ಇಲ್ಲಿ ಬಾಯಿ ತೆಗೆಯೋರು ಪೇಷಂಟ್ ಮಾತ್ರ ಕಂದ. ಅಲ್ಲಿ ಕೂತ್ಕೋ."

ಕುರ್ಚಿಯಲ್ಲಿ ಕತ್ತಿಗೆ ಬಟ್ಟೆ ಕಟ್ಟಿಕೊಂಡು ಅಂಗಾತ ಮಲಗಿದ್ದವರು ದಷ್ಟಪುಷ್ಟ ಮನುಷ್ಯರು, ಕಣ್ಣಿನಲ್ಲೇ ಅಪ್ಪಣೆ ಕೊಡುವಂಥವರು. ಡಾಕ್ಟರಮ್ಮ ಡಬ್ಬಿ ತೆಗೆದು, ಸರಿಯಾಗಿ ನೋಡುವ ಮೊದಲೇ ಅವಸರದಲ್ಲಿ ಮೇಣದ ಸೆಟ್ಟನ್ನು ಅವರ ಬಾಯಿಗಿಟ್ಟರು. ಅವರು ಕೈಗನ್ನಡಿ ಹಿಡಿದು ನಗಲು ನೋಡಿದರು.

ಬಿಸಿಲಲ್ಲಿ ಸರದಿ ಕಾಯ್ದ ಮೇಣ ತನ್ನ ಕೆಲಸ ಮಾಡಿತ್ತು. ಮುಂದಿನ ಎರಡು ಹಲ್ಲುಗಳು ಜಗಳವಾಡಿಕೊಂಡ ಅಣ್ಣತಮ್ಮಂದಿರಂತೆ ಬೆನ್ನು ತಿರುಗಿಸಿ ನಿಂತಿದ್ದವು. ಬಲಗಡೆಯ ಕೋರೆಹಲ್ಲು, ನಿಯಮ ಗಾಳಿಗೆ ತೂರಿ, ಪಕ್ಕದವನ ಸಂದಿಯಲ್ಲಿ ಮೂತಿ ತೂರಿಸಿತ್ತು. ಉಳಿದವು ಎತ್ತ ಹೋಗಬೇಕೆಂದು ತಿಳಿಯದೆ ಒಂದರ ಮೇಲೊಂದು ಬಿದ್ದಿದ್ದವು. ಕೈಗನ್ನಡಿಯಲ್ಲಿ ಆ ಮಹನೀಯರು ತಮ್ಮ ನಗುವನ್ನು ತಾವೇ ಕಂಡು ಚಿಟ್ಟನೆ ಚೀರಿದರು. ಸೆಟ್ಟು ಹೊರಕ್ಕೆ ಹಾರಿತು.

"ಯಾಯು ಮಾಡಿದ್ದು ಇದು?" ಎಂದು ಬೊಚ್ಚುಬಾಯಿಯಲ್ಲಿ ಗುಡುಗಿದರು.

ಹಲ್ಲಪ್ಪ ಮಗಳ ಕೈ ಹಿಡಿದುಕೊಂಡು ಹಿಂದಿನ ಬಾಗಿಲಿಂದ ಪಾರಾದ. ಹೊಸ ಮೇಣ, ಹೊಸ ಜೋಡಣೆ, ಎಲ್ಲಾ ಮೊದಲಿಂದ. ಆದರೆ ಅದನ್ನು ಮುಟ್ಟಿಸಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ದೊಡ್ಡ ಸಾಹೇಬರು ಬೇಕು.

ದೊಡ್ಡ ಸಾಹೇಬರ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂತಿದ್ದವಳು ಹಲ್ಲಪ್ಪನ ಹೆಂಡತಿ. ಗಂಡ ಫೋನಿನಲ್ಲಿ ಅರ್ಧ ಹೇಳಿದ್ದ, ಉಳಿದರ್ಧವನ್ನು ಕಾರು ಮಾವನ ಹೆಂಡತಿ ಬೀದಿಗೆಲ್ಲ ಹೇಳಿದ್ದಳು. ಪುಟ್ಟಿಯ ಅಮ್ಮನ ಕೈಯಲ್ಲಿ ಊಟದ ಡಬ್ಬಿ, ಚೀಲದಲ್ಲಿ ಬಾಚಣಿಗೆ. ಮಗಳನ್ನು ಕಂಡದ್ದೇ ಹತ್ತಿರ ಎಳೆದುಕೊಂಡು, ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಬೆಳಗಿಂದ ಕೆದರಿಕೊಂಡಿದ್ದ ಎಡಗಡೆಯ ಕೂದಲಿಗೆ ಬಾಚಣಿಗೆ ಹಾಕಿದಳು.

"ಅಮ್ಮಾ, ನಾನೊಂದು—"

"ಅಲ್ಲಾಡಬೇಡ ಚಿನ್ನ, ಸಿಕ್ಕು ಎಳೆಯತ್ತೆ."

ಕಾರು ಮಾವ ಮುರಿದ ಕನ್ನಡಿಯನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಟ್ರಾಫಿಕ್ಕಿನವನು ಗೋಡೆಗೆ ಅಂಟಿಕೊಂಡು ನಿಂತಿದ್ದ. ಒಳಬಾಗಿಲು ತೆರೆಯಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬಂದು ದೊಡ್ಡ ಕುರ್ಚಿಯಲ್ಲಿ ಕೂತವರನ್ನು ನೋಡಿ ಹಲ್ಲಪ್ಪ ಒಂದು ಹೆಜ್ಜೆ ಹಿಂದೆ ಸರಿದ. ದವಾಖಾನೆಯ ಅದೇ ಕಣ್ಣು!

"ಓ," ಎಂದರು ಸಾಹೇಬರು, ಕರವಸ್ತ್ರದ ಹಿಂದಿನಿಂದ. "ನನ್ನ ಹಲ್ಲಿನ ಮನುಷ್ಯ."

"ಹೌದು ಸಾರ್."

"ವಾರದ ಕೊನೆಗೆ ನನಗೆ ಸಭೆ. ಹೊಸ ನಿಯಮ ಹೇಗೆ ಗೆದ್ದಿತು ಅಂತ ಭಾಷಣ ಮಾಡ್ಬೇಕು. ಈ ಬಾಯಲ್ಲಿ ಮಾಡ್ಲಾ?"

ಹೆದರಿ ಹೆದರಿ ಸಾಕಾಗಿತ್ತೋ, ಹಸಿವೆಯೋ, ಹಲ್ಲಪ್ಪನ ಬೆನ್ನು ಬೆಳಗಿನಂತೆ ಮತ್ತೆ ನೆಟ್ಟಗಾಯಿತು. "ಸಾರ್, ನಿಮ್ಮ ಹಲ್ಲು ನಿಮ್ಮ ನಿಯಮಾನೇ ಪಾಲಿಸಿದ್ದು. ಇಷ್ಟು ದಿನ ಕಾಲೂರಿಕೊಂಡು ಸಂದಿಯಲ್ಲಿ ತಂದ ಹಲ್ಲೆಲ್ಲ ನೆಟ್ಟಗೆ ನಿಂತಿವೆ. ಸಾಲಲ್ಲಿ ನಿಂತು ಬಂದಿದ್ದು ಇದೊಂದೇ."

ಟ್ರಾಫಿಕ್ಕಿನವನು ಮೀಸೆಯ ಮರೆಯಲ್ಲಿ ನಗು ನುಂಗಿಕೊಂಡ.

ಸಾಹೇಬರು ಕರವಸ್ತ್ರ ಸರಿಮಾಡಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಹಲ್ಲಿಲ್ಲದ ಮನುಷ್ಯರು, ಅಷ್ಟೆ. "ನಿಧಾನಕ್ಕೆ ಹೋಗೋರನ್ನ ಬಿಡಿ, ನುಗ್ಗೋರನ್ನ ಹಿಡೀರಿ ಅಂತ ಬರೆದುಬಿಡಬಹುದು ಕಣಯ್ಯಾ. ರಸ್ತೆ ಮೇಲೆ ಅದನ್ನ ತೂಗಿ ನೋಡೋರು ಯಾರು? ಪೂರ್ತಿ ಬೇಡ ಅಂದ್ರೆ ಜಾರಿ ಮಾಡೋದು ಸುಲಭ. ಏನಯ್ಯಾ ಟ್ರಾಫಿಕ್ಕು, ಸುಲಭ ಆಯ್ತು ತಾನೇ?"

"ಸಂಪೂರ್ಣ ಜಾರಿ ಸಾರ್!" ಟ್ರಾಫಿಕ್ಕಿನವನು ಎದೆ ಉಬ್ಬಿಸಿದ. "ಸೇತುವೆ ಆಚೆಯಿಂದ ಸಿಗ್ನಲ್‌ವರೆಗೆ, ಒಂದು ಹುಳ ಅಲ್ಲಾಡದಷ್ಟು ಜಾಮ್ ಇತ್ತು. ಒಂದೇ ಒಂದು ಬೈಕು ಸಂದಿಯಲ್ಲಿ ಓಡಿಲ್ಲ. ಆ ತುದಿಯಿಂದ ಈ ತುದಿವರೆಗೆ ನಾನೇ ಖುದ್ದಾಗಿ ನೋಡಿದೀನಿ."

"ಒಂದೂ ಓಡ್ಲಿಲ್ವಾ?" ಕಾರು ಮಾವ ಟವೆಲು ಬಿಚ್ಚಿದರು. "ಹಾಗಾದ್ರೆ ಇದನ್ನ ಮುರಿದದ್ದು ಗಾಳಿಯೋ?"

"ಹೌದಲ್ಲ," ಎಂದರು ಸಾಹೇಬರು. "ಕನ್ನಡಿ ತಾನಾಗೇ ಮುರಿಯಲ್ಲ." ಅವರ ಕಣ್ಣು ಮತ್ತೆ ಹಲ್ಲಪ್ಪನ ಮೇಲೆ ನಿಂತಿತು, ದನಿ ಸ್ವಲ್ಪ ಮೆತ್ತಗಾಯಿತು. "ನೋಡಪ್ಪಾ, ನನಗೂ ಹಲ್ಲು ಬೇಕು. ಕನ್ನಡಿ ನಾನೇ ಮುರಿದೆ, ಗೊತ್ತಿಲ್ಲದೆ ಆಯ್ತು ಅಂತ ಇವರಿಗೆ ಕೈ ಮುಗಿದುಬಿಡು. ಲೈಸೆನ್ಸ್ ತಗೊಂಡು ಹೋಗು. ಇಲ್ಲಾಂದ್ರೆ ಮೂರು ತಿಂಗಳು ಬೈಕು ಮುಟ್ಟೋ ಹಾಗಿಲ್ಲ."

ಟ್ರಾಫಿಕ್ಕಿನವನು ಜೇಬಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಲ್ಲಪ್ಪ ಅದನ್ನು ನೋಡಿ ಕೈ ಚಾಚಿದ. ಆಮೇಲೆ ಹೆಂಡತಿಯನ್ನು ನೋಡಿದ. ಮನೆಯಲ್ಲಿ ಕೈ ಮುಗಿದು ಅಭ್ಯಾಸವಿಲ್ಲದವನೇನಲ್ಲ ಅವನು.

"ಮುಗೀಬೇಡಿ," ಎಂದಳು ಹೆಂಡತಿ, ಬಾಚಣಿಗೆ ನಿಲ್ಲಿಸದೆ. "ನೀವು ಮುರಿದಿಲ್ಲ ತಾನೇ?"

"ಮುರಿದಿಲ್ಲ ಕಣೇ."

"ಮತ್ತೆ? ಕೆಲಸ ಹೋದ್ರೆ ಹೋಗ್ಲಿ, ಇನ್ನೊಂದು ನೋಡೋಣ. ಮಗಳ ಮುಂದೆ ಮಾಡದ ತಪ್ಪು ಒಪ್ಕೊಂಡು ಬಂದು, ನಾಳೆ ಯಾವ ಮುಖ ಇಟ್ಕೊಂಡು ಅವಳ ಜಡೆ ಹಾಕ್ತೀರ?"

ಹಲ್ಲಪ್ಪ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. "ಆಗಲ್ಲ ಸಾರ್. ಸಾಲಲ್ಲಿ ನಿಂತೆ, ನಿಜ. ಇನ್ನೊಂದು ಸಲ ಬೇಕಾದ್ರೂ ನಿಲ್ತೀನಿ. ಕನ್ನಡಿ ನಂದಲ್ಲ."

"ಎಷ್ಟು ಸೊಕ್ಕು!" ಎಂದರು ಕಾರು ಮಾವ.

"ಸರಿ, ನಿನ್ನಿಷ್ಟ," ಎಂದರು ಸಾಹೇಬರು. ಕರವಸ್ತ್ರ ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯಲ್ಲಿ ಪೆನ್ನು ಎತ್ತಿಕೊಂಡರು.

ಅಷ್ಟು ಹೊತ್ತಿಗೆ ಎಡಗಡೆಯ ಜಡೆಯೂ ಮುಗಿದಿತ್ತು. ಅಮ್ಮ ತುದಿಗೆ ರಿಬ್ಬನ್ನು ಬಿಗಿದು, ಮಗಳ ತಲೆ ಸವರಿ, ಮಂಡಿ ಸಡಿಲಿಸಿದಳು. "ಹೂಂ, ಆಯ್ತು. ಈಗ ಹೇಳು ಚಿನ್ನ. ಬೆಳಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ಯಲ್ಲ?"

ಪುಟ್ಟಿ ಎರಡೂ ಜಡೆಗಳನ್ನು ಹಿಂದಕ್ಕೆ ಎಸೆದುಕೊಂಡಳು. ನೆಟ್ಟಗೆ ಟ್ರಾಫಿಕ್ಕಿನವನ ಮುಂದೆ ಹೋಗಿ, ಅವನ ದಪ್ಪ ಮೀಸೆಯನ್ನು ಕತ್ತೆತ್ತಿ ನೋಡಿ, ಇಡೀ ಕೋಣೆಗೆ ಕೇಳಿಸುವ ಹಾಗೆ ಕೇಳಿದಳು:

"ಪೊಲೀಸ್ ಅಂಕಲ್, ಒಂದು ಹುಳಾನೂ ಅಲ್ಲಾಡದಷ್ಟು ಜಾಮ್ ಇತ್ತಲ್ಲ, ನಿಮ್ಮ ಬೈಕು ನಮ್ಮ ಹತ್ರ ಯಾವ ದಾರೀಲಿ ಬಂತು?"